ಒಂದು ಜೋಕಾಲಿ, ನಾಲ್ಕು ಮಕ್ಕಳು: ಪಾಳಿ ಕಲಿಸುವುದು ಹೇಗೆ?

ನಾಗರ ಪಂಚಮಿ ಬಂತೆಂದರೆ ಧಾರವಾಡ, ಗದಗ ಕಡೆ ಮನೆಮನೆಯಲ್ಲೂ ಜೋಕಾಲಿ. ಅದರ ಬೆನ್ನಿಗೇ ಮಕ್ಕಳ ಜಗಳ. ಆಗ ಹಿರಿಯರ ಬಾಯಿಂದ ಹೊರಡುವ ಮಾತು ಒಂದೇ: "ತಂಗಿಗೆ ಕೊಡಪಾ, ನೀ ದೊಡ್ಡಾಂವ ಅದಿ." ಒಮ್ಮೆ ಇಳಿದರೆ ಮತ್ತೆ ಸಿಗುವುದಿಲ್ಲ ಎಂದು ಹುಡುಗನಿಗೆ ಗೊತ್ತಾಗುವುದು ಇಲ್ಲೇ. ಮರುದಿನ ಹಗ್ಗವನ್ನು ಇನ್ನೂ ಬಿಗಿಯಾಗಿ ಹಿಡಿಯುತ್ತಾನೆ.

ಎರಡು ವರ್ಷದ ಕೂಸು "ನಂದು" ಎಂದು ಕಿರುಚಿದರೆ ಬೈಯಬೇಡಿ, ಅದು ಆ ವಯಸ್ಸಿನ ಗುಣ. ಒಂದೇ ಥರದ ಎರಡು ಚೆಂಡು ಕೊಟ್ಟರೆ ಮುಗಿಯಿತು. ಮೂರು ದಾಟಿದ ಮೇಲೆ ಪಾಳಿ ತಿಳಿಯತೊಡಗುತ್ತದೆ, ಆದರೆ "ಐದು ನಿಮಿಷ ತಡಿ" ಎಂಬುದು ತಿಳಿಯದು. ಕಣ್ಣಿಗೆ ಕಾಣುವ ಅಳತೆ ಬೇಕು. ಜೋಕಾಲಿಗೆ ಹತ್ತು ಜೀಕು ಸರಿಯಾದ ಅಳತೆ. ಇಪ್ಪತ್ತಾದರೆ ಕಾಯುವವರು ಅಳತೊಡಗುತ್ತಾರೆ.

ಎಣಿಸುವ ಕೆಲಸ ಕಾಯುವ ಮಕ್ಕಳಿಗೇ ಕೊಡಿ. ಬಾಯಿಗೆ ಕೆಲಸವಿದ್ದರೆ ಕೈ ಹಗ್ಗಕ್ಕೆ ಹೋಗುವುದಿಲ್ಲ. ನಿಲ್ಲುವುದು ಮಾತ್ರ ಪಕ್ಕಕ್ಕೆ, ಜೋಕಾಲಿ ಬಂದು ಬಡಿಯದಷ್ಟು ದೂರ. ಎಂಟಕ್ಕೆ ಬಂದಾಗ "ಇನ್ನ ಎರಡು ಅದಾವ" ಎಂದು ಎಚ್ಚರಿಸಿ. ದಿಢೀರನೆ ಇಳಿಸಿದರೆ ರಂಪ ಖಂಡಿತ. ಹತ್ತಾದ ಮೇಲೂ ಇಳಿಯದಿದ್ದರೆ ಚೌಕಾಸಿ ಬೇಡ. ಜೋಕಾಲಿ ಹಿಡಿದು ನಿಲ್ಲಿಸಿ, "ಇವರದು ಆದ ಮೇಲೆ ಮತ್ತ ನಿಂದ" ಎಂದು ಹೇಳಿ ಎತ್ತಿ ಇಳಿಸಿ. ಹೇಳಿದಂತೆ ಅವನ ಪಾಳಿ ತಿರುಗಿ ಬರಲೇಬೇಕು. ಅಷ್ಟರಲ್ಲಿ ಊಟಕ್ಕೆ ಕರೆದು ಆಟ ನಿಲ್ಲಿಸಿಬಿಡುವುದು ದೊಡ್ಡವರೇ ಮಾಡುವ ತಪ್ಪು, ಅದೂ ಪದೇಪದೇ.

ಇದನ್ನೆಲ್ಲ ಹಬ್ಬದ ಗದ್ದಲದಲ್ಲೇ ಕಲಿಸಹೊರಟರೆ ಕಷ್ಟ. ಮೊದಲೇ ಒಂದೆರಡು ವಾರ, ದಿನಕ್ಕೆ ಐದು ನಿಮಿಷ, ಎದುರುಬದುರು ಕೂತು ಚೆಂಡು ಉರುಳಿಸಿ: "ನನ್ನ ಪಾಳಿ, ನಿನ್ನ ಪಾಳಿ." ಇಬ್ಬರಲ್ಲಿ ಸಲೀಸಾದ ಮೇಲೆ ಮೂರನೆಯವರನ್ನು ಸೇರಿಸಿ. ಹಸಿವು, ನಿದ್ದೆಯ ಹೊತ್ತಿನಲ್ಲಿ ಮಾತ್ರ ಈ ಪಾಠ ಬೇಡವೇ ಬೇಡ. ತೀರಾ ಅಚ್ಚುಮೆಚ್ಚಿನ ಗೊಂಬೆ ಇದ್ದರೆ ನೆಂಟರ ಮಕ್ಕಳು ಬರುವ ಮುಂಚೆಯೇ ಎತ್ತಿಡಿ. ಎಲ್ಲವನ್ನೂ ಹಂಚಿಕೊಳ್ಳಬೇಕೆಂದೇನಿಲ್ಲ. ನಮ್ಮ ಮೊಬೈಲನ್ನು ನಾವು ಯಾರಿಗೆ ಕೊಡುತ್ತೇವೆ?

ಐದು ವರ್ಷ ತುಂಬಿದವರಿಗೆ ಇನ್ನೊಂದು ಆಟ: ತಿಂಡಿಯನ್ನು ಒಬ್ಬರು ಎರಡು ಪಾಲು ಮಾಡುವುದು, ಮೊದಲು ಆರಿಸುವುದು ಇನ್ನೊಬ್ಬರು. ಪಾಲು ತಾನಾಗಿ ಸಮವಾಗುತ್ತದೆ. ಶುರುವಿಗೆ ಬಾಳೆಹಣ್ಣು ಇರಲಿ. ಶೇಂಗಾ ಉಂಡಿ ಮುರಿಯಹೋದರೆ ಪುಡಿಯಾಗಿ, ಆ ಪುಡಿಗೇ ಹೊಸ ಜಗಳ.