ಎರಡು ಲಕ್ಷದ ಕಾರ್ಡ್ ಯಾರಿಗೆ ಬೇಕು?

ಹೋದ ತಿಂಗಳು ಒಂದೇ ವಾರದಲ್ಲಿ ಇಬ್ಬರು ನನ್ನ ಕಂಪ್ಯೂಟರ್ ವರ್ಕ್‌ಶಾಪ್‌ಗೆ ಬಂದಿದ್ದರು. ಒಬ್ಬ ಹುಡುಗ, ಕೆಲಸಕ್ಕೆ ಸೇರಿ ಇನ್ನೂ ವರ್ಷವಾಗಿಲ್ಲ. "ಅಣ್ಣ, ನಂಗೆ 5090 ಬೇಕು. ಇಎಂಐ ಎಲ್ಲಾ ಮಾತಾಡ್ಕೊಂಡು ಬಂದಿದೀನಿ" ಅಂದ. 5090 ಅಂದರೆ ಎನ್‌ವಿಡಿಯಾ ಕಂಪನಿಯ ದುಬಾರಿ ಗ್ರಾಫಿಕ್ಸ್ ಕಾರ್ಡು, ಕಂಪ್ಯೂಟರಿನಲ್ಲಿ ಚಿತ್ರ ಬಿಡಿಸುವ ಭಾಗ. ಇನ್ನೊಬ್ಬರು ಆರ್ಕಿಟೆಕ್ಟ್‌ಗಳಿಗೆ 3ಡಿ ಚಿತ್ರ, ವಾಕ್‌ಥ್ರೂ ಮಾಡಿಕೊಡುವ ಹೆಣ್ಣುಮಗಳು. "ಸರ್, ಇನ್ನೊಂದು 32 ಜಿಬಿ ರ‍್ಯಾಮ್ ಹಾಕಿಸಿದ್ರೆ ಸಿಸ್ಟಮ್ ಸರಿ ಹೋಗುತ್ತಾ?" ಅಂತ ಕೇಳಿದರು.

ಹುಡುಗನಿಗೆ 5090 ಬೇಡ ಅಂದೆ. ಅವರಿಗೆ ರ‍್ಯಾಮ್ ಬೇಡ, 5090 ತಗೊಳ್ಳಿ ಅಂದೆ. ಇಬ್ಬರಿಗೂ ಆಶ್ಚರ್ಯ. ಯಾಕೆ ಹಾಗೆ ಹೇಳಿದೆ ಅನ್ನೋದನ್ನ ಇಲ್ಲಿ ಬಿಡಿಸಿ ಬರೆಯುತ್ತೇನೆ.

ಮೊದಲು ಬೆಲೆ ನೋಡೋಣ. 2017ರಲ್ಲಿ ಬಂದ ಜಿಟಿಎಕ್ಸ್ 1080 ಟಿಐ 699 ಡಾಲರ್ ಇತ್ತು. ಗೇಮ್ ಆಡುವವರಿಗೆ ಆಗ ಅದೇ ದೊಡ್ಡ ಕಾರ್ಡು. 2020ರ ಆರ್‌ಟಿಎಕ್ಸ್ 3090 1,499 ಡಾಲರ್ ಆಯಿತು. 2022ರ 4090 1,599. 2025ರ ಜನವರಿಯಲ್ಲಿ ಬಂದ 5090 1,999. ನಮ್ಮಲ್ಲಿ ಎನ್‌ವಿಡಿಯಾ ಹೇಳಿದ ಆರಂಭದ ಬೆಲೆ 2,14,000 ರೂಪಾಯಿ. ಇದನ್ನು ನೋಡಿ "ಇಂಡಿಯಾದಲ್ಲಿ ಸುಲಿಗೆ ಮಾಡ್ತಾರೆ" ಅಂತ ತುಂಬಾ ಜನ ಬೇಜಾರು ಮಾಡಿಕೊಂಡರು. ಆದರೆ ಅಮೆರಿಕದ ಬೆಲೆಯಲ್ಲಿ ತೆರಿಗೆ ಸೇರಿರುವುದಿಲ್ಲ. ಆಗಿನ 86 ರೂಪಾಯಿ ಲೆಕ್ಕದಲ್ಲಿ ಡಾಲರ್ ಬದಲಿಸಿ, ಮೇಲೆ ಶೇ. 18 ಜಿಎಸ್‌ಟಿ ಹಾಕಿದರೆ ಎರಡು ಲಕ್ಷ ದಾಟುತ್ತೆ. ಅಂದರೆ ಪಟ್ಟಿ ಬೆಲೆ ಅಂಥಾ ಅನ್ಯಾಯದ್ದೇನೂ ಅಲ್ಲ. ತೊಂದರೆ ಇರುವುದು ಬೇರೆ ಕಡೆ. ಬಿಡುಗಡೆಯಾದ ಮೇಲೆ ತಿಂಗಳುಗಟ್ಟಲೆ ಆ ಬೆಲೆಗೆ ಅಂಗಡಿಯಲ್ಲಿ ಮಾಲು ಸಿಗಲಿಲ್ಲ. ಕಂಪ್ಯೂಟರ್ ಅಂಗಡಿಗಳಿರುವ ಬೆಂಗಳೂರಿನ ಎಸ್‌ಪಿ ರೋಡಲ್ಲಿ ನಾನು ವಿಚಾರಿಸಿದ ಕಡೆಯೆಲ್ಲಾ ಅದಕ್ಕಿಂತ ಜಾಸ್ತಿಯೇ ಹೇಳಿದರು.

ಈಗ ದುಡ್ಡಿಗೆ ಏನು ಬರುತ್ತೆ ಅಂತ ನೋಡಿ. 5090ರ ತಮ್ಮ 5080. ಅದರ ಆರಂಭದ ಪಟ್ಟಿ ಬೆಲೆ 1,07,000 ಇತ್ತು, ಸರಿಯಾಗಿ ಅರ್ಧ. ಅದರಲ್ಲಿ 10,752 ಕೋರ್ (ಲೆಕ್ಕ ಮಾಡುವ ಚಿಕ್ಕ ಘಟಕಗಳು), 16 ಜಿಬಿ ಮೆಮೊರಿ. 5090ರಲ್ಲಿ 21,760 ಕೋರ್, 32 ಜಿಬಿ ಮೆಮೊರಿ. ಕಾಗದದ ಮೇಲೆ ಎಲ್ಲವೂ ಎರಡು ಪಟ್ಟು, ಬೆಲೆಯೂ ಎರಡು ಪಟ್ಟು. ಹಾಗಾದರೆ ಸರಿಯಾಗೇ ಇದೆ ಅಲ್ವಾ ಅನಿಸುತ್ತೆ. ಆದರೆ ಗೇಮ್‌ನಲ್ಲಿ ವೇಗ ಎರಡು ಪಟ್ಟು ಆಗಲ್ಲ. 4ಕೆ ಪರದೆಯಲ್ಲಿ ಒಂದೂವರೆ ಪಟ್ಟಿನ ಆಸುಪಾಸಿಗೆ ಬಂದು ನಿಲ್ಲುತ್ತೆ. ಪರದೆಯ ರೆಸೊಲ್ಯೂಷನ್, ಅಂದರೆ ಚುಕ್ಕೆಗಳ ಸಂಖ್ಯೆ, ಕಮ್ಮಿಯಾದಷ್ಟೂ ಆ ವ್ಯತ್ಯಾಸ ಇನ್ನೂ ಕಮ್ಮಿಯಾಗುತ್ತೆ. ಯಾಕಂದ್ರೆ ಆಗ ಕಾರ್ಡು ಪ್ರೊಸೆಸರ್‌ಗೋಸ್ಕರ ಕಾಯುತ್ತಾ ಕೂತಿರುತ್ತೆ.

ಅದಕ್ಕೇ ಆ ಹುಡುಗನನ್ನು ನಾನು ಮೊದಲು ಕೇಳಿದ್ದು ಕಾರ್ಡಿನ ಬಗ್ಗೆ ಅಲ್ಲ, "ಮಾನಿಟರ್ ಯಾವುದಪ್ಪಾ?" ಅಂತ. 24 ಇಂಚಿನ ಫುಲ್ ಎಚ್‌ಡಿ, 144 ಹರ್ಟ್ಸ್. ಕಾಲೇಜಿನಲ್ಲಿದ್ದಾಗ ತಗೊಂಡಿದ್ದು. ಆ ಮಾನಿಟರ್ ಸೆಕೆಂಡಿಗೆ 144 ಚಿತ್ರಕ್ಕಿಂತ ಜಾಸ್ತಿ ತೋರಿಸಲಾರದು. ಅವನು ಆಡುವ ಹೆಚ್ಚಿನ ಗೇಮ್‌ಗಳಲ್ಲಿ ಅಷ್ಟನ್ನು ಕೊಡೋಕೆ 59,000ದ ಆರಂಭದ ಪಟ್ಟಿ ಬೆಲೆಯ 5070 ಸಾಕು. 2,14,000ವನ್ನು 24 ತಿಂಗಳಿಗೆ ಹಂಚಿದರೆ ಬಡ್ಡಿ ಬಿಟ್ಟು ಅಸಲೇ ತಿಂಗಳಿಗೆ ಸುಮಾರು 8,900 ರೂಪಾಯಿ. ಕಣ್ಣಿಗೆ ಕಾಣದ ಫ್ರೇಮ್‌ಗಳಿಗೆ ಎರಡು ವರ್ಷ ಕಂತು ಕಟ್ಟಬೇಕಾ ಅಂತ ಕೇಳಿದೆ. ಸ್ವಲ್ಪ ಹೊತ್ತು ಸುಮ್ನೆ ಕೂತ. ಕೊನೆಗೆ 5070ಗಿಂತ ಒಂದು ಮೆಟ್ಟಿಲು ಮೇಲಿನ 5070 ಟಿಐ, ಜೊತೆಗೆ ಫುಲ್ ಎಚ್‌ಡಿಗಿಂತ ಸ್ಪಷ್ಟವಾದ 27 ಇಂಚಿನ 1440ಪಿ ಮಾನಿಟರ್ ತಗೊಂಡ. ಹೊಸ ಮಾನಿಟರ್ ಆನ್ ಮಾಡಿದಾಗ ಅವನ ಮುಖ ನೋಡಬೇಕಿತ್ತು. ಕಾರ್ಡು ಡಬ್ಬದೊಳಗೆ ಇರುತ್ತೆ, ದಿನಾ ಕಣ್ಣಿಗೆ ಕಾಣೋದು ಮಾನಿಟರ್.

ಅವನು ಇನ್ನೊಂದು ಮಾತು ಕೇಳಿದ್ದ. "5070 ಅಂದ್ರೆ ಹಳೇ 4090 ಇದ್ದ ಹಾಗೆ ಅಂತ ಅವರೇ ಹೇಳಿದ್ದಾರಲ್ಲಾ ಅಣ್ಣ?" ಹೌದು, 2025ರ ಜನವರಿಯಲ್ಲಿ ಲಾಸ್ ವೇಗಸ್‌ನ ವೇದಿಕೆ ಮೇಲೆ ಎನ್‌ವಿಡಿಯಾ ಮುಖ್ಯಸ್ಥ ಜೆನ್ಸನ್ ಹುವಾಂಗ್ ಆ ಮಾತು ಹೇಳಿದ್ದರು. ಅದು ಮಲ್ಟಿ ಫ್ರೇಮ್ ಜನರೇಷನ್ ಆನ್ ಮಾಡಿದಾಗಿನ ಲೆಕ್ಕ. ಕಾರ್ಡು ನಿಜವಾಗಿ ಒಂದು ಚಿತ್ರ ಬಿಡಿಸುತ್ತೆ, ಅದರ ಜೊತೆಗೆ, ಆಗಿನ ಲೆಕ್ಕದಲ್ಲಿ, ಮೂರರವರೆಗೆ ಚಿತ್ರಗಳನ್ನು ಎಐ ಊಹೆಯಿಂದ ತುಂಬಿಸುತ್ತಿತ್ತು. ನೋಡೋಕೆ ಓಟ ನಯವಾಗುತ್ತೆ, ಅದರಲ್ಲಿ ಸುಳ್ಳಿಲ್ಲ. ಆದರೆ ನೀವು ಮೌಸ್ ಅಲ್ಲಾಡಿಸಿದ್ದು ಗೇಮ್‌ಗೆ ಗೊತ್ತಾಗೋದು ನಿಜವಾದ ಚಿತ್ರ ಬಂದಾಗ ಮಾತ್ರ. ಮೂಲದಲ್ಲಿ 30 ಫ್ರೇಮ್ ಇದ್ದರೆ, ಪರದೆ ಮೇಲೆ 120 ಅಂತ ತೋರಿಸಿದರೂ ಕೈಗೆ 30ರ ಭಾರವೇ. ಮೂಲದಲ್ಲೇ 60-70 ಬರುವವರಿಗೆ ಇದು ಒಳ್ಳೆ ಸೌಲಭ್ಯ. ಬಡಕಲು ಕಾರ್ಡನ್ನು ಇದು ಗಟ್ಟಿ ಮಾಡಲ್ಲ. ಮೆಮೊರಿಯನ್ನಂತೂ ಜಾಸ್ತಿ ಮಾಡೋದೇ ಇಲ್ಲ. 5070ರಲ್ಲಿ ಇರುವುದು 12 ಜಿಬಿ, 4090ರಲ್ಲಿ 24.

ನನ್ನ ಮಟ್ಟಿಗೆ ಇಡೀ ವಿಷಯದ ಗಂಟು ಇರುವುದು ಈ ಮೆಮೊರಿಯಲ್ಲೇ.

ಆ ಹೆಣ್ಣುಮಗಳ ಸಿಸ್ಟಮ್‌ನಲ್ಲಿ ಇದ್ದದ್ದು 16 ಜಿಬಿಯ 4080. ಹಳೇದೇನೂ ಅಲ್ಲ, ಒಳ್ಳೇ ಕಾರ್ಡು. "ನಿಮ್ಮ ಭಾರವಾದ ಸೀನ್ ಒಂದು ತೆಗೀರಿ" ಅಂದೆ. ಒಂದು ಅಪಾರ್ಟ್‌ಮೆಂಟಿನ ಹಾಲ್. ಸೋಫಾ, ಗಿಡ, ಬಾಲ್ಕನಿಯಾಚೆ ಮರಗಳು. ಪಕ್ಕದಲ್ಲಿ ಟಾಸ್ಕ್ ಮ್ಯಾನೇಜರ್ ತೆಗೆದಿಟ್ಟು ರೆಂಡರ್ (ಸೀನಿನಿಂದ ಅಂತಿಮ ಚಿತ್ರ ಬಿಡಿಸುವ ಆಜ್ಞೆ) ಒತ್ತಿದರು. ಡೆಡಿಕೇಟೆಡ್ ಜಿಪಿಯು ಮೆಮೊರಿ (ಕಾರ್ಡಿನ ಸ್ವಂತ ಮೆಮೊರಿ) ಅನ್ನುವ ಸಾಲು 9 ಆಯ್ತು, 12 ಆಯ್ತು, 15.6ಕ್ಕೆ ಬಂದು ನಿಂತಿತು. ಅದರ ಕೆಳಗಿನ ಶೇರ್ಡ್ ಮೆಮೊರಿ (ಕಂಪ್ಯೂಟರಿನ ರ‍್ಯಾಮಿನಿಂದ ಪಡೆಯುವ ಸಾಲ) ಮೇಲೇಳೋಕೆ ಶುರುವಾಯ್ತು. ನಾಲ್ಕು ನಿಮಿಷದಲ್ಲಿ ಮುಗಿಯಬೇಕಿದ್ದ ಫ್ರೇಮು ಅರ್ಧ ಗಂಟೆಯಾದರೂ ಮುಗಿಯಲಿಲ್ಲ. ಅಷ್ಟು ಹೊತ್ತೂ ಕಾರ್ಡಿನ ಫ್ಯಾನ್ ಸದ್ದೇ ಇರಲಿಲ್ಲ. ಅದು ದುಡಿಯುತ್ತಿರಲಿಲ್ಲ, ಡೇಟಾ ಬರಲಿ ಅಂತ ಕಾದು ಕೂತಿತ್ತು.

ಯಾಕೆ ಅಂದರೆ, 4080 ತನ್ನ ಸ್ವಂತ ಮೆಮೊರಿಯಿಂದ ಸೆಕೆಂಡಿಗೆ ಸುಮಾರು 717 ಜಿಬಿ ಎಳೆದುಕೊಳ್ಳುತ್ತೆ. ಮದರ್‌ಬೋರ್ಡ್ ಮೇಲಿನ ರ‍್ಯಾಮಿನಿಂದ ತರಬೇಕಾದರೆ ಕಾರ್ಡು ಕೂರುವ ಪಿಸಿಐ ಎಕ್ಸ್‌ಪ್ರೆಸ್ ಸ್ಲಾಟ್ ದಾಟಿ ಬರಬೇಕು, ಆ ದಾರಿಯಲ್ಲಿ ಸೆಕೆಂಡಿಗೆ ಹೆಚ್ಚೆಂದರೆ 32 ಜಿಬಿ ಬರುತ್ತೆ. ಇಪ್ಪತ್ತು ಪಟ್ಟಿಗಿಂತ ಜಾಸ್ತಿ ವ್ಯತ್ಯಾಸ. ಒಗ್ಗರಣೆ ಹಾಕುವಾಗ ಸಾಸಿವೆ ಡಬ್ಬಿ ಕೈಗೆ ಸಿಗುವ ಹಾಗಿರಬೇಕು. ಪ್ರತಿ ಸಲ ಬೀದಿ ಕೊನೆಯ ಅಂಗಡಿಗೆ ಓಡಿದರೆ ಎಣ್ಣೆ ಸೀದು ಹೋಗುತ್ತೆ. ಅಂಗಡಿಯಲ್ಲಿ ಎಷ್ಟು ಮೂಟೆ ಸಾಸಿವೆ ಇದ್ದರೆ ಏನು? ರ‍್ಯಾಮ್ ಜಾಸ್ತಿ ಮಾಡಿದರೂ ಅವರ ಕಷ್ಟ ತೀರಲ್ಲ ಅಂದಿದ್ದು ಇದಕ್ಕೇ.

ಅಷ್ಟು ದಿನ ಅವರು ಟೆಕ್ಸ್‌ಚರ್‌ಗಳ (ವಸ್ತುಗಳ ಮೇಲ್ಮೈಗೆ ಹೊದಿಸುವ ಚಿತ್ರಗಳ) ಗುಣಮಟ್ಟ ಇಳಿಸಿ ಕೆಲಸ ಸಾಗಿಸುತ್ತಿದ್ದರು. ಕಿಟಕಿಯ ಪರದೆ ಬಟ್ಟೆಯನ್ನು 8ಕೆಯಿಂದ 2ಕೆಗೆ ತಂದಿದ್ದರು. "ಬಟ್ಟೆ ಪ್ಲಾಸ್ಟಿಕ್ ಥರ ಕಾಣುತ್ತಲ್ಲಾ" ಅಂತ ಬಿಲ್ಡರ್ ವಾಪಸ್ ಕಳಿಸಿದ್ದರಂತೆ. ವಾರದಲ್ಲಿ ಒಂದೂವರೆ ದಿನ ಹೀಗೆ ಇಳಿಸೋದು, ಒಡೆಯೋದು, ಮತ್ತೆ ಜೋಡಿಸೋದರಲ್ಲೇ ಹೋಗುತ್ತಿತ್ತು. ಒಂದೂವರೆ ದಿನಕ್ಕೆ ಅವರ ಕೂಲಿ ಎಷ್ಟು ಅಂತ ಹಾಕಿ, ವರ್ಷದ ಲೆಕ್ಕ ತೆಗೆದರೆ ಕಾರ್ಡಿನ ಬೆಲೆ ತುಂಬಾ ಹಿಂದೆ ಉಳಿಯಿತು.

ಇಂಥವರಿಗೆ ಬೆಲೆಯೂ ಬೇರೆ. ಜಿಎಸ್‌ಟಿ ನೋಂದಣಿ ಇದ್ದರೆ ಕಟ್ಟಿದ ಶೇ. 18 ತೆರಿಗೆ ಇನ್‌ಪುಟ್ ಕ್ರೆಡಿಟ್ ಆಗಿ, ಅಂದರೆ ನೀವು ಕಟ್ಟಬೇಕಾದ ಜಿಎಸ್‌ಟಿಯಲ್ಲಿ ಕಳೆದುಕೊಳ್ಳೋಕೆ, ಸಿಗುತ್ತೆ. 2,14,000ದಲ್ಲಿ ಅದೇ 32,600ರಷ್ಟಾಯಿತು. ಕಂಪ್ಯೂಟರ್‌ಗೆ ಆದಾಯ ತೆರಿಗೆಯಲ್ಲಿ ಶೇ. 40 ಸವಕಳಿ ತೋರಿಸಬಹುದು. ಬಿಲ್ಲಿನಲ್ಲಿ ನಿಮ್ಮ ಜಿಎಸ್‌ಟಿ ನಂಬರ್ ಹಾಕಿಸೋದು ಮಾತ್ರ ಮರೀಬೇಡಿ. ಒಂದೆರಡು ಸಾವಿರ ಉಳಿಯುತ್ತೆ ಅಂತ ಬಿಲ್ ಇಲ್ಲದೆ ತಗೊಂಡು, ವಾರಂಟಿಗೆ ಅಲೆದಾಡಿದವರನ್ನು ಬೇಕಾದಷ್ಟು ನೋಡಿದ್ದೇನೆ, ಸಂಕಟವಾಗುತ್ತೆ.

ಮನೆಯಲ್ಲೇ ಎಐ ಮಾಡೆಲ್ ಓಡಿಸುವವರದ್ದೂ ಇದೇ ಲೆಕ್ಕ. 30 ಬಿಲಿಯನ್ ಪ್ಯಾರಾಮೀಟರ್‌ನ (ಮಾಡೆಲ್ ಒಳಗಿನ ಸಂಖ್ಯೆಗಳು) ಮಾಡೆಲ್ಲಿನ ಒಂದೊಂದು ಸಂಖ್ಯೆಯನ್ನೂ 4 ಬಿಟ್‌ಗೆ ಕುಗ್ಗಿಸಿದರೆ 20 ಜಿಬಿ ಹತ್ತಿರ ಬೇಕಾಗುತ್ತೆ. 16ರಲ್ಲಿ ಕೂರಲ್ಲ, 32ರಲ್ಲಿ ಆರಾಮಾಗಿ ಕೂರುತ್ತೆ. 70 ಬಿಲಿಯನ್‌ನದ್ದಕ್ಕೆ 40 ಬೇಕು, 5090ರಲ್ಲೂ ಆಗಲ್ಲ. ನಿಮಗೆ ಬೇಕಾಗಿರುವುದು ಆ ದೊಡ್ಡದೇ ಆಗಿದ್ದರೆ, ಇಷ್ಟು ದುಡ್ಡು ಸುರಿದೂ ಕೆಲಸ ಆಗಲಿಲ್ಲ ಅನ್ನುವ ಹಾಗಾಗುತ್ತೆ. ತಿಂಗಳಿಗೆ ಒಂದೆರಡು ದಿನದ ಕೆಲಸ ಅಂದರೆ ಕ್ಲೌಡ್‌ನಲ್ಲಿ ಗಂಟೆ ಲೆಕ್ಕಕ್ಕೆ ಬಾಡಿಗೆಗೆ ತಗೊಳ್ಳಿ. ಸೆಕೆಂಡ್ ಹ್ಯಾಂಡ್ 3090ರಲ್ಲೂ 24 ಜಿಬಿ ಇದೆ. ಆದರೆ ಅದರ ಮೆಮೊರಿ ಚಿಪ್‌ಗಳು ಬೋರ್ಡಿನ ಎರಡೂ ಕಡೆ ಇವೆ, ಹಿಂಬದಿಯವು ತುಂಬಾ ಬಿಸಿಯಾಗುತ್ತವೆ. ಅರ್ಧ ಗಂಟೆ ಲೋಡ್ ಕೊಟ್ಟು ಮೆಮೊರಿ ಶಾಖ ನೋಡದೆ ದುಡ್ಡು ಕೊಡಬೇಡಿ.

ಈಗಾಗಲೇ 4090 ಇರುವವರಿಗೆ ಒಂದು ಮಾತು. 3090ಯಿಂದ 4090ಗೆ ಹೋದಾಗ ಚಿಪ್ ತಯಾರಿಸುವ ವಿಧಾನವೇ ಬದಲಾಗಿತ್ತು, ಹಾಗಾಗಿ ದೊಡ್ಡ ಜಿಗಿತ ಸಿಕ್ಕಿತು. ಈ ಸಲ ಹಾಗಾಗಿಲ್ಲ. 4090, 5090 ಎರಡೂ ಚಿಪ್ ತಯಾರಿಸುವ ಟಿಎಸ್‌ಎಂಸಿ ಕಂಪನಿಯ ಹೆಚ್ಚುಕಡಿಮೆ ಒಂದೇ ಪೀಳಿಗೆಯ ವಿಧಾನದಲ್ಲಿ ತಯಾರಾದವು. ಕೋರ್ ಶೇ. 33 ಜಾಸ್ತಿ, ಕರೆಂಟ್ 450 ವ್ಯಾಟ್‌ನಿಂದ 575ಕ್ಕೆ, ಬೆಲೆ ಶೇ. 25 ಜಾಸ್ತಿ, ಗೇಮ್‌ನಲ್ಲಿ ವೇಗ ಶೇ. 30ರ ಆಸುಪಾಸು. ಕೊಟ್ಟಷ್ಟೇ ಬಂತು. 24 ಜಿಬಿ ಸಾಲದೆ ಒದ್ದಾಡುತ್ತಿಲ್ಲ ಅಂದರೆ ಇರೋದನ್ನೇ ಇಟ್ಟುಕೊಳ್ಳಿ.

ಇನ್ನು ಕಾರ್ಡಿನ ಜೊತೆ ಬರುವ ಖರ್ಚು. 5090ಗೆ ಎನ್‌ವಿಡಿಯಾ ಹೇಳುವುದೇ 1,000 ವ್ಯಾಟ್ ಪವರ್ ಸಪ್ಲೈ. ಮನೆಗಳಲ್ಲಿ ಇಟ್ಟಿರುವ 600 ವಿಎ ಯುಪಿಎಸ್ ಕೊಡೋದು 360 ವ್ಯಾಟ್. ಕರೆಂಟ್ ಹೋದ ಕ್ಷಣ ಅದು ಕೀ ಅಂತ ಕೂಗಿ ಕೈ ಎತ್ತುತ್ತೆ, ರಾತ್ರಿಯೆಲ್ಲಾ ಓಡಿದ ರೆಂಡರ್ ಹೋಗುತ್ತೆ. ಕೆಲಸಕ್ಕೆ ಹಾಕಿಸುವವರಿಗೆ ನಾನು 2 ಕೆವಿಎ ಆನ್‌ಲೈನ್ ಯುಪಿಎಸ್ ಸೇರಿಸಿಯೇ ಲೆಕ್ಕ ಕೊಡುತ್ತೇನೆ. 575 ವ್ಯಾಟ್ ಎಲ್ಲಾ ಕೊನೆಗೆ ಶಾಖವಾಗಿ ರೂಮಿಗೇ ಬರುತ್ತೆ, ಏಪ್ರಿಲ್‌ನಲ್ಲಿ ಚಿಕ್ಕ ರೂಮಿನಲ್ಲಿ ಬಾಗಿಲು ಹಾಕಿಕೊಂಡು ಕೂರೋಕಾಗಲ್ಲ.

ಕಾರ್ಡಿಗೆ ಕರೆಂಟ್ ಕೊಡುವ ಪ್ಲಗ್ಗು, ಅಂದರೆ ಕನೆಕ್ಟರ್ ಬಗ್ಗೆ ನಾನು ತುಂಬಾ ಗಟ್ಟಿಯಾಗಿ ಹೇಳುತ್ತೇನೆ. 575 ವ್ಯಾಟ್ 12 ವೋಲ್ಟ್‌ನಲ್ಲಿ ಹರಿದರೆ ಸುಮಾರು 48 ಆಂಪ್. ಅದು ಆರು ಪಿನ್‌ಗಳಲ್ಲಿ ಹಂಚಿ ಹೋಗಬೇಕು, ಪಿನ್ನಿಗೆ 8 ಆಂಪ್. ತಡೆಯುವ ಮಿತಿ 9.5. ಒಂದು ಪಿನ್ ಸರಿಯಾಗಿ ಕೂರದಿದ್ದರೆ ಅದರ ಪಾಲು ಉಳಿದವುಗಳ ಮೇಲೆ ಬೀಳುತ್ತೆ. 2022ರಲ್ಲಿ 4090 ಬಂದಾಗ ಪ್ಲಗ್ ಕರಗಿದ ಸುದ್ದಿಗಳು ಬಂದವು. ಪ್ಲಗ್ ಪೂರ್ತಿ ಒಳಗೆ ಹೋಗದಿರುವುದನ್ನು ಎನ್‌ವಿಡಿಯಾ ಸಾಮಾನ್ಯ ಕಾರಣ ಎಂದು ಹೇಳಿತು. ಹೀಗಾಗಿ ನಾನು ಕೂರಿಸಿದ ಮೇಲೆ ಟಾರ್ಚ್ ಹಿಡಿದು ಸಂದಿ ಇದೆಯಾ ನೋಡುತ್ತೇನೆ, ಕೇಬಲ್ಲನ್ನು ಬುಡದಲ್ಲೇ ಬಗ್ಗಿಸಲ್ಲ. ಗಿರಾಕಿಗೂ ಕರೆದು ತೋರಿಸುತ್ತೇನೆ.

ನಿಮ್ಮ ಕಾರ್ಡಿನ ಸ್ಥಿತಿ ತಿಳಿಯೋಕೆ ಯಾರ ರಿವ್ಯೂನೂ ಬೇಡ. ಒಂದು ವಾರ ಟಾಸ್ಕ್ ಮ್ಯಾನೇಜರ್ ತೆಗೆದಿಟ್ಟುಕೊಂಡು ನಿಮ್ಮ ಮಾಮೂಲಿ ಕೆಲಸ ಮಾಡಿ. ಡೆಡಿಕೇಟೆಡ್ ಮೆಮೊರಿ ತುಂಬಿ, ಶೇರ್ಡ್ ಮೇಲೇಳುತ್ತಿದೆಯಾ ನೋಡಿ. ತುಂಬುತ್ತಿಲ್ಲ ಅಂದರೆ ಒಂದೆರಡು ಮೆಟ್ಟಿಲು ಕೆಳಗಿನ ಕಾರ್ಡು ಸಾಕು.

ಆ ಹೆಣ್ಣುಮಗಳಿಗೆ ಹೋದ ಶನಿವಾರ ಕಾರ್ಡ್ ಹಾಕಿಕೊಟ್ಟೆ. ಅದೇ ಹಾಲ್ ಸೀನ್ ತೆಗೆದರು. ಮೆಮೊರಿ 21ಕ್ಕೆ ಹೋಗಿ ನಿಂತಿತು, ಶೇರ್ಡ್ ಸಾಲು ಅಲ್ಲಾಡಲಿಲ್ಲ. ರೆಂಡರ್ ನಿಲ್ಲಿಸಿ, "ಒಂದ್ನಿಮಿಷ ಸರ್" ಅಂತ ಕಿಟಕಿ ಪರದೆಯ ಟೆಕ್ಸ್‌ಚರ್ ಹುಡುಕಿ, ಅದನ್ನು ಮತ್ತೆ 8ಕೆಗೆ ಹಾಕಿದರು.