ರಿಪೋರ್ಟ್ ಎಲ್ಲ ನಾರ್ಮಲ್, ಹೊಟ್ಟೆನೋವಿಗೆ ಕೌನ್ಸೆಲರ್ ಯಾಕೆ?

ಪ್ರಶ್ನೆ: ನಾನು ಮುಂಬಯಿ ಹತ್ತಿರದ ಡೊಂಬಿವಲಿಯವಳು, ಆಫೀಸು ಸಿಎಸ್‌ಎಂಟಿ ಸ್ಟೇಷನ್ ಕಡೆ. ವರ್ಷದಿಂದ ಆಫೀಸಿಗೆ ಹೊರಡುವ ಹೊತ್ತಿಗೇ ಹೊಟ್ಟೆ ನುಲಿಯುತ್ತದೆ, ಬೇಧಿಯಾಗುತ್ತದೆ. ರಕ್ತ, ಮಲ, ಸ್ಕ್ಯಾನ್ ಎಲ್ಲ ನಾರ್ಮಲ್. ಐಬಿಎಸ್ (ಪರೀಕ್ಷೆಯಲ್ಲಿ ದೋಷ ಕಾಣದಿದ್ದರೂ ಹೊಟ್ಟೆನೋವು, ಬೇಧಿ ಕಾಡುವ ಕರುಳಿನ ತೊಂದರೆ) ಎಂದು ಮಾತ್ರೆ ಬರೆದ ಡಾಕ್ಟರು, ಕೌನ್ಸೆಲರನ್ನೂ ನೋಡಿ ಅಂದರು. ಹಾಗಾದರೆ ನನ್ನ ನೋವು ಬರೀ ಮನಸ್ಸಿನದಾ?

ಉತ್ತರ: ಖಂಡಿತ ಅಲ್ಲ. ನೋವು ಹೊಟ್ಟೆಯದೇ. ಐಬಿಎಸ್ ಇರುವ ಹಲವರಲ್ಲಿ ಕರುಳಿನ ನರಗಳು ತುಂಬಾ ಸೂಕ್ಷ್ಮ. ಬೇರೆಯವರಿಗೆ ಗೊತ್ತೇ ಆಗದಷ್ಟು ಗ್ಯಾಸ್ ಕೂಡ ಅವರಿಗೆ ನೋವು ಕೊಡುತ್ತದೆ. ಇದು ಸ್ಕ್ಯಾನಿನಲ್ಲಿ ಕಾಣುವುದಿಲ್ಲ.

ಆದರೆ ಕರುಳು ಮತ್ತು ಮಿದುಳು ಸದಾ ಮಾತಾಡಿಕೊಳ್ಳುತ್ತಿರುತ್ತವೆ. ನಿಮ್ಮ ಬೆಳಗನ್ನೇ ನೋಡಿ. ಡೊಂಬಿವಲಿಯಿಂದ ಸಿಎಸ್‌ಎಂಟಿಗೆ ಗಂಟೆಗೂ ಜಾಸ್ತಿ ಪ್ರಯಾಣ, ಲೋಕಲ್ ರೈಲಿನಲ್ಲಿ ಶೌಚಾಲಯ ಇಲ್ಲ. ‘ಠಾಣೆ ದಾಟಿದ ಮೇಲೆ ಬಂದರೆ ಏನು ಗತಿ?’ ಎಂಬ ಹೆದರಿಕೆಗೇ ಕರುಳು ಚುರುಕಾಗುತ್ತದೆ. ಅದು ಚುರುಕಾದರೆ ಹೆದರಿಕೆ ಹೆಚ್ಚುತ್ತದೆ. ಆಮೇಲೆ ತಿಂಡಿ ಬಿಡುತ್ತೀರಿ, ಸುಮ್ನೆ ರಜೆ ಹಾಕುತ್ತೀರಿ. ಬರೀ ಮಾತ್ರೆಯಿಂದ ಈ ಸುತ್ತು ಬಿಡುವುದು ಕಷ್ಟ. ಸಿಬಿಟಿ ಎಂಬ ಮಾತಿನ ಚಿಕಿತ್ಸೆ ಕೈಹಾಕುವುದು ಇಲ್ಲಿಗೇ. ಮಾಮೂಲಿ ಚಿಕಿತ್ಸೆಯಿಂದ ಗುಣ ಕಾಣದ 558 ಜನರ ಮೇಲೆ ನಡೆದ ಬ್ರಿಟನ್ನಿನ ಅಧ್ಯಯನ 2019ರಲ್ಲಿ ಪ್ರಕಟವಾಯಿತು. ಫೋನಿನಲ್ಲೇ ಸಿಬಿಟಿ ಪಡೆದವರಿಗೂ ಅದರಲ್ಲಿ ಒಳ್ಳೆಯ ಫಲ ಸಿಕ್ಕಿತ್ತು.

ಮಾತ್ರೆ ನಿಲ್ಲಿಸಬೇಡಿ, ಎರಡೂ ಜೊತೆಯಾಗಿ ನಡೆಯಲಿ. ಚೀಟಿಯಲ್ಲಿ ಅಮಿಟ್ರಿಪ್ಟಿಲಿನ್ ಕಂಡರೆ, ‘ಅಯ್ಯೋ, ಇದು ಡಿಪ್ರೆಶನ್ ಮಾತ್ರೆ’ ಎಂದು ಗಾಬರಿಯಾಗಬೇಡಿ. ರಾತ್ರಿ 10 ಮಿಲಿಗ್ರಾಂನಂಥ ಸಣ್ಣ ಪ್ರಮಾಣದಲ್ಲಿ ಅದನ್ನು ಕೊಡುವುದು ಕರುಳಿನ ನೋವಿಗೆ. ಬಾಯಿ ಒಣಗಬಹುದು, ನಿದ್ದೆ ಬರಬಹುದು. ಮಲ ಸ್ವಲ್ಪ ಕಟ್ಟುತ್ತದೆ. ಬೇಧಿ ಇರುವ ನಿಮಗೆ ಅದು ಅನುಕೂಲವೇ, ಅಲ್ವಾ?

ಊಟದಲ್ಲಿ ಈರುಳ್ಳಿ, ಬೆಳ್ಳುಳ್ಳಿ, ಗೋಧಿ, ಹಾಲು, ಕಾಳು ಹಲವರಿಗೆ ಆಗುವುದಿಲ್ಲ. ಅಂದರೆ ಮಿಸಳ್ ಪಾವ್‌ನಲ್ಲಿ ಹೆಚ್ಚುಕಡಿಮೆ ಎಲ್ಲವೂ ಇವೆ! ಡಯೆಟಿಷಿಯನ್ ಸಲಹೆಯಂತೆ ನಾಲ್ಕಾರು ವಾರ ಬಿಟ್ಟು, ಒಂದೊಂದಾಗಿ ಮತ್ತೆ ಸೇರಿಸಿ ನೋಡಿ. ಜೀವನಪೂರ್ತಿ ಎಲ್ಲ ಬಿಡಿ ಎನ್ನುವ ವಾಟ್ಸಾಪ್ ಪಟ್ಟಿಗಳ ಮೇಲೆ ನನಗಂತೂ ಸಿಟ್ಟಿದೆ.

ಮಲದಲ್ಲಿ ರಕ್ತ, ತೂಕ ಇಳಿಯುವುದು, ರಕ್ತಹೀನತೆ, ನಿದ್ದೆಯಿಂದ ಎಬ್ಬಿಸುವ ಬೇಧಿ, ಇವುಗಳಲ್ಲಿ ಒಂದಿದ್ದರೂ ಐಬಿಎಸ್ ಎಂದು ಸುಮ್ಮನಿರದೆ ಮತ್ತೆ ಪರೀಕ್ಷೆ ಮಾಡಿಸಿ.

ಪರೇಲಿನ ಕೆಇಎಮ್‌ನಂಥ ಪಾಲಿಕೆ ಆಸ್ಪತ್ರೆಯಲ್ಲಿ ಹೊಟ್ಟೆಯ ವಿಭಾಗ, ಮನೋವೈದ್ಯ ವಿಭಾಗ ಎರಡೂ ಇವೆ. ಕನ್ನಡದಲ್ಲೇ ಮಾತಾಡಬೇಕು ಅನಿಸಿದರೆ ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಫೋನ್ ಮಾಡಿ, ದುಡ್ಡು ಕೊಡಬೇಕಿಲ್ಲ. ಸಿಬಿಟಿಗೆ ಅದು ಬದಲಿಯಲ್ಲ, ಆದರೆ ಮೊದಲ ಮಾತಿಗೆ ಸಾಕು.