ಕ್ಯಾಂಟೀನ್ ಕಮಿಟಿಯ ಮಕ್ಕಳ ಕೈಗೆ ಮೊದಲು ತಕ್ಕಡಿ ಕೊಡಿ

ಜೂನ್ ಬಂತೆಂದರೆ ಶಾಲೆಗಳಿಂದ ಒಂದೇ ಥರದ ಫೋನು. "ಮೇಡಂ, ಈ ವರ್ಷ ಮಕ್ಕಳನ್ನೇ ಸೇರಿಸಿಕೊಂಡು ಊಟ ಸುಧಾರಿಸೋಣ ಅಂತಿದ್ದೀವಿ. ಕಮಿಟಿ ಮಾಡಿದ್ದೀವಿ, ಏನೇನು ಬೇಕು ಅಂತ ಚೀಟಿ ಬರೆಸಿದ್ದೀವಿ." ಚೀಟಿ ಬಿಚ್ಚುವ ಮೊದಲೇ ಅದರಲ್ಲಿರುವುದು ನನಗೆ ಗೊತ್ತಿರುತ್ತದೆ: ಗೋಬಿ ಮಂಚೂರಿ, ನೂಡಲ್ಸ್, ಪಿಜ್ಜಾ. ಮುಖ್ಯೋಪಾಧ್ಯಾಯರು ಎಲ್ಲವನ್ನೂ ಓದಿ, "ಇದೆಲ್ಲ ಆಗೋ ಮಾತಾ?" ಎಂದು ಬೀರುವಿಗೆ ಸೇರಿಸುತ್ತಾರೆ. ಕೇಳಿದ್ದು ಬರೀ ಶಾಸ್ತ್ರಕ್ಕೆ ಎಂದು ಮಕ್ಕಳಿಗೂ ಅರ್ಥವಾಗುತ್ತದೆ. ದಸರಾ ರಜೆ ಮುಗಿಯುವಷ್ಟರಲ್ಲಿ ಕಮಿಟಿ ಇದ್ದೂ ಇಲ್ಲದಂತೆ.

ಆಗುವ ಮಾತಲ್ಲ ಎನ್ನುವುದು ನಿಜವೇ. ಕೊಬ್ಬು, ಸಕ್ಕರೆ, ಉಪ್ಪು ಹೆಚ್ಚಿರುವ ತಿಂಡಿಯನ್ನು ಶಾಲೆಯೊಳಗೂ ಗೇಟಿನಿಂದ 50 ಮೀಟರ್ ಅಳತೆಯಲ್ಲೂ ಮಾರುವಂತಿಲ್ಲ ಎಂದು ಆಹಾರ ಸುರಕ್ಷತಾ ಪ್ರಾಧಿಕಾರದ 2020ರ ನಿಯಮಗಳೇ ಹೇಳುತ್ತವೆ. ಬಿಸಿಯೂಟದಲ್ಲಂತೂ ಎಲ್ಲಕ್ಕೂ ಲೆಕ್ಕವಿದೆ: ಐದನೇ ತರಗತಿವರೆಗಿನ ಒಂದು ಮಗುವಿಗೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, 5 ಗ್ರಾಂ ಎಣ್ಣೆ. ಇಷ್ಟೆಲ್ಲ ಗೊತ್ತಿದ್ದೂ "ಏನು ಬೇಕು ಕೇಳಿ" ಎಂದು ಮಕ್ಕಳ ಮುಂದೆ ಕೈಚಾಚುವುದು ನನಗೆ ಸರಿಕಾಣುವುದಿಲ್ಲ.

ಮಕ್ಕಳನ್ನು ಕೇಳಲೇಬೇಕು. ಆದರೆ ಕೇಳಬೇಕಾದದ್ದು, ಇವತ್ತು ತಟ್ಟೆಯಲ್ಲಿ ಏನು ಉಳಿಯಿತು, ಯಾಕೆ ಉಳಿಯಿತು ಎಂದು. ಇದಕ್ಕೆ ಬೇಕಾದ್ದು ಒಂದು ತೂಗುತಕ್ಕಡಿ, ಎರಡು ಬಕೆಟ್, ಒಂದು ನೋಟ್‌ಬುಕ್.

ಎರಡು ಬಕೆಟ್ ಎಂದೆ. ಎಷ್ಟು ಸಲ ಹೇಳಿದರೂ ಶಾಲೆಗಳು ಎಡವುವುದು ಇಲ್ಲೇ, ಹಾಗಾಗಿ ಬಿಡಿಸಿ ಹೇಳುತ್ತೇನೆ. ಬಡಿಸದೆ ಪಾತ್ರೆಯಲ್ಲೇ ಮಿಕ್ಕಿದ ಅಡುಗೆ ಬೇರೆ, ಮಗು ತಟ್ಟೆಯಲ್ಲಿ ಬಿಟ್ಟದ್ದು ಬೇರೆ. ಪಾತ್ರೆಯಲ್ಲಿ ಮಿಕ್ಕಿತೆಂದರೆ ಅಂದಾಜು ತಪ್ಪಿದೆ: ಅವತ್ತು ಸಂತೆಯಿತ್ತೋ, ಊರಲ್ಲಿ ಜಾತ್ರೆಯಿತ್ತೋ, ಹಾಜರಿ ಎಣಿಸುವ ಮೊದಲೇ ಅಕ್ಕಿ ಅಳೆದರೋ. ಅದು ಹಾಜರಿ ಪುಸ್ತಕದಲ್ಲಿ ಸರಿಮಾಡುವ ವಿಷಯ. ತಟ್ಟೆಯಲ್ಲಿ ಉಳಿದದ್ದು ಮಾತ್ರ ಊಟದ ಬಗ್ಗೆ ಮಗು ಹೇಳುತ್ತಿರುವ ಮಾತು. ಎರಡನ್ನೂ ಒಂದೇ ಮುಸುರೆ ಬಕೆಟ್ಟಿಗೆ ಸುರಿದು ತೂಗಿ, "ದಿನಾ ಇಷ್ಟು ಕೆಜಿ ದಂಡವಾಗ್ತಿದೆ, ನಮ್ಮ ಮಕ್ಕಳಿಗೆ ಅನ್ನದ ಬೆಲೆ ಗೊತ್ತಿಲ್ಲ" ಎಂದು ಪ್ರಾರ್ಥನೆಯ ಹೊತ್ತಿನಲ್ಲಿ ಭಾಷಣ ಮಾಡಿದವರನ್ನು ನೋಡಿದ್ದೇನೆ. ಆ ಬಕೆಟ್ಟಿನಲ್ಲಿದ್ದುದರಲ್ಲಿ ಬಹುಪಾಲು ಮಕ್ಕಳ ಕಣ್ಣಿಗೇ ಬಿದ್ದಿರಲಿಲ್ಲ!

ತಟ್ಟೆಯದ್ದನ್ನು ಮತ್ತೆ ವಿಂಗಡಿಸಬೇಕು. ಅನ್ನ ಎಷ್ಟು, ಪಲ್ಯ ಎಷ್ಟು, ಸಾಂಬಾರಿನ ಹೋಳು ಎಷ್ಟು. ಚಿಕ್ಕ ತರಗತಿಯವರದ್ದು ಬೇರೆ, ದೊಡ್ಡವರದ್ದು ಬೇರೆ. ಒಂದನೇ ತರಗತಿಯ ಮಗುವಿಗೂ ಏಳನೇ ತರಗತಿಯವನಿಗೂ ಅದೇ ಸೌಟಿನಲ್ಲಿ ಅಷ್ಟೇ ಅನ್ನ ಬೀಳುತ್ತಿದ್ದರೆ, ಚಿಕ್ಕ ತಟ್ಟೆಗಳಲ್ಲಿ ಉಳಿಯದೆ ಇನ್ನೇನು?

ಕಾರಣ ಹುಡುಕುವುದರಲ್ಲಿ ಮಕ್ಕಳಿಗೆ ನಮಗಿಂತ ಚುರುಕು ಕಣ್ಣು. ತುಮಕೂರು ಕಡೆಯ ಒಂದು ಸರ್ಕಾರಿ ಶಾಲೆಯಲ್ಲಿ ಶನಿವಾರದ ಉಪ್ಪಿಟ್ಟು ತುಂಬಾ ಉಳಿಯುತ್ತಿತ್ತು. ಉಪ್ಪಿಟ್ಟು ತೆಗೆದು ಬೇರೆ ತಿಂಡಿ ಮಾಡಿಸೋಣ ಎನ್ನುವುದು ಶಿಕ್ಷಕರ ಯೋಚನೆ. ಶಾಲಾ ಸಂಸತ್ತಿನ ಆಹಾರ ಮಂತ್ರಿ ಏಳನೇ ತರಗತಿಯ ಹುಡುಗಿ. ನೋಟ್‌ಬುಕ್ ಹಿಡಿದುಕೊಂಡು ಬಂದು, "ಸರ್, ಚಿಕ್ಕೋರು ಪೂರ್ತಿ ತಿಂದವ್ರೆ. ಬಿಟ್ಟಿರೋದೆಲ್ಲ ನಮ್ ಕ್ಲಾಸ್‌ನೋರೇ. ನಾವು ಕೊನೇಲಿ ಕೂರ್ತೀವಲ್ಲ, ಅಷ್ಟೊತ್ಗೆ ಗಟ್ಟಿಯಾಗೋಗಿರುತ್ತೆ" ಅಂದಳು. ವಿಷಯ ಅಷ್ಟೇ. ರವೆಯ ಪಿಷ್ಟ ಒಲೆಯಿಂದ ಇಳಿದ ಮೇಲೂ ನೀರು ಎಳೆದುಕೊಳ್ಳುತ್ತದೆ, ಆರಿದ ಹಾಗೆಲ್ಲ ಬಿಗಿಯಾಗುತ್ತದೆ. ಮನೆಯಲ್ಲಿ ಬಾಣಲೆಯಿಂದ ನೇರ ತಟ್ಟೆಗೆ ಬೀಳುವ ಉಪ್ಪಿಟ್ಟಿಗೆ ಸಾಲುವ ನೀರು, ಮುಕ್ಕಾಲು ಗಂಟೆ ಕಾಯುವ ಉಪ್ಪಿಟ್ಟಿಗೆ ಸಾಲದು. ಅಡುಗೆಯ ಅಕ್ಕ ನೀರು ಹೆಚ್ಚಿಸಿ, ಎರಡು ಸರದಿಯಲ್ಲಿ ಕೆದಕಿದರು. ದೊಡ್ಡವರ ತಟ್ಟೆಗಳೂ ಖಾಲಿಯಾದವು. ಖರ್ಚು ಹೆಚ್ಚಲಿಲ್ಲ, ಮೆನು ಬದಲಾಗಲಿಲ್ಲ. ಆ ಹುಡುಗಿಯನ್ನು ನೆನೆಸಿಕೊಂಡರೆ ನನಗೆ ಇವತ್ತಿಗೂ ಹೆಮ್ಮೆ.

ಬೆಂಗಳೂರಿನ ಒಂದು ಖಾಸಗಿ ಶಾಲೆಯಲ್ಲಿ ಕಾರಣ ರುಚಿಯೇ ಆಗಿರಲಿಲ್ಲ. ಕಮಿಟಿಯ ಮಕ್ಕಳು ಗಡಿಯಾರ ಹಿಡಿದು ಕೂತರು. ವಿರಾಮದ ಅರ್ಧದಷ್ಟು ಹೊತ್ತು ಸಾಲಿನಲ್ಲೇ ಹೋಗುತ್ತಿತ್ತು, ಬೆಲ್ ಹೊಡೆದಾಗ ಅರ್ಧ ತಿಂದ ತಟ್ಟೆ ಎತ್ತಿಡುತ್ತಿದ್ದರು. ಇನ್ನೊಂದು ಕೌಂಟರ್ ತೆರೆದ ಮೇಲೆ ದೂರು ಕಡಿಮೆಯಾಯಿತು.

ಎಲ್ಲ ಶಾಲೆಯಲ್ಲೂ ಹೀಗೇ ಸಲೀಸಾಗುತ್ತದೆ ಎಂದು ಭರವಸೆ ಕೊಡಲಾರೆ. ನೀರು ಗಡಸಾಗಿರುವ ಊರಲ್ಲಿ ಬೇಳೆ ಬೇಯುವುದೇ ಕಷ್ಟ, ಅದಕ್ಕೆ ಮಕ್ಕಳ ನೋಟ್‌ಬುಕ್ ಏನೂ ಮಾಡಲಾಗದು. ಒಂದು ದಿನದ ತೂಕ ನೋಡಿ ತೀರ್ಮಾನಕ್ಕೆ ಬರಬೇಡಿ, ಪೂರ್ತಿ ವಾರ ತೂಗಿಸಿ. ಮುಖ್ಯವಾಗಿ, ಯಾವ ಮಗುವಿನ ತಟ್ಟೆಯನ್ನೂ ಹೆಸರು ಹಿಡಿದು ಬರೆಯಬೇಡಿ. ಊಟದ ವಿಷಯದಲ್ಲಿ ಅವಮಾನವಾದ ಮಗು ಕಡಿಮೆ ಬಡಿಸಿಕೊಂಡು ಹಸಿದಿರುತ್ತದೆ, ನಿಮ್ಮ ತೂಕವೂ ಸುಳ್ಳಾಗುತ್ತದೆ. ಒಂದು ಮಗು ದಿನವೂ ಊಟ ಬಿಡುತ್ತಿದೆ ಎಂದು ಕಂಡರೆ ಅದು ಕಮಿಟಿಯ ಕೆಲಸವಲ್ಲ. ಹಲ್ಲುನೋವು, ಬಾಯಿಹುಣ್ಣು, ಜಂತುಹುಳು, ಮನೆಯ ಚಿಂತೆ, ಏನೂ ಇರಬಹುದು. ತರಗತಿಯ ಶಿಕ್ಷಕರು ಮನೆಯವರೊಂದಿಗೆ ಮಾತಾಡಲಿ, ವೈದ್ಯರಿಗೆ ತೋರಿಸಲಿ.

ಬಡಿಸುವ ಕೆಲಸಕ್ಕೂ ಬಿಸಿ ಪಾತ್ರೆಯ ಹತ್ತಿರಕ್ಕೂ ಕಮಿಟಿಯ ಮಕ್ಕಳನ್ನು ಬಿಡಲೇಬೇಡಿ. ಕುದಿಯುವ ಸಾಂಬಾರಿಗೆ ಬಿದ್ದು ಮಗು ಜೀವ ಕಳೆದುಕೊಂಡದ್ದು ನಮ್ಮ ರಾಜ್ಯದಲ್ಲೇ ಆಗಿದೆ.

ಇನ್ನು ನೋಟ್‌ಬುಕ್ಕಿನ ಲೆಕ್ಕವನ್ನು ಮೊದಲು ತೋರಿಸಬೇಕಾದ್ದು ಅಡುಗೆಯವರಿಗೆ. ಆಡಳಿತ ಮಂಡಳಿಗೋ, ಸರ್ಕಾರಿ ಶಾಲೆಯ ಮೇಲುಸ್ತುವಾರಿ ಸಮಿತಿಯಾದ ಎಸ್‌ಡಿಎಂಸಿಗೋ ಹೋಗಿ, ಅಲ್ಲಿಂದ ಬೈಗುಳವಾಗಿ ಅಡುಗೆಮನೆಗೆ ತಲುಪಿದರೆ ಮರುದಿನದಿಂದ ಮುಸುರೆ ಬಕೆಟ್ ತೂಕಕ್ಕೆ ಮುಂಚೆಯೇ ಮಾಯವಾಗುತ್ತದೆ. ಅಷ್ಟು ಕಡಿಮೆ ಗೌರವಧನಕ್ಕೆ ಹೊಗೆ, ಬಿಸಿಯಲ್ಲಿ ನಿಂತು ಇಡೀ ಶಾಲೆಗೆ ಉಣಬಡಿಸುವ ಹೆಂಗಸರು ಅವರು. ಮಕ್ಕಳೇ ಹೋಗಿ "ಅಕ್ಕಾ, ಇವತ್ತು ಬೀಟ್‌ರೂಟ್ ಹೋಳು ದಪ್ಪ ಆಗಿತ್ತು" ಎಂದರೆ ಸಿಟ್ಟಾಗುವುದಿಲ್ಲ, ನಾಳೆ ಸಣ್ಣಗೆ ಹೆಚ್ಚುತ್ತಾರೆ.

ಒಂದು ಚಿಕ್ಕ ವಿಷಯ ಉಳಿಯಿತು. ತಟ್ಟೆಯ ಬಕೆಟ್ಟನ್ನು ಕೈತೊಳೆಯುವ ನಲ್ಲಿಯ ಹತ್ತಿರ ಇಡಬೇಡಿ. ಮಕ್ಕಳು ತಟ್ಟೆ ತೊಳೆದ ನೀರನ್ನೂ ಅದಕ್ಕೇ ಸುರಿಯುತ್ತಾರೆ, ವಾರವಿಡೀ ನೀರನ್ನೇ ತೂಗಿದಂತಾಗುತ್ತದೆ. ನಾಲ್ಕು ಹೆಜ್ಜೆ ಮೊದಲೇ ಇಟ್ಟು, ಕಮಿಟಿಯ ಒಬ್ಬರನ್ನು ಪಕ್ಕದಲ್ಲಿ ನಿಲ್ಲಿಸಿ.